29 ಅಂದರೆ ಎಷ್ಟಕ್ಕೆ?



ತೆರೆಯ ಮೇಲೆ ನಾಲ್ಕು ಸೆಕೆಂಡು ಬಂದು ಹೋಗುವ ಒಂದು ಸಾಲು ಎಷ್ಟು ದೂರ ತಲುಪುತ್ತದೆ ಎಂಬುದು ಕಾರ್ಯಕ್ರಮ ತಯಾರಿಸುವ ನಮಗೆ ಗೊತ್ತಾಗುವುದು ನಿಮ್ಮ ಪತ್ರಗಳಿಂದಲೇ. 2022ರ ಕೊನೆಯಲ್ಲಿ ನಮ್ಮ ಮಾತುಕತೆಗೆ ತಜ್ಞರೊಬ್ಬರು ಬಂದು ಎದೆಯ ಸ್ಕ್ಯಾನಿಂಗ್ ಬಗ್ಗೆ ವಿವರಿಸಿದ್ದರು. ಚಿತ್ರವನ್ನು ಕಂಪ್ಯೂಟರೇ ಓದಿ ರೋಗ ಗುರುತಿಸುವ ಹೊಸ ವಿಧಾನದ ಪ್ರಸ್ತಾಪವೂ ಬಂತು. ಅವರು ಹೆಸರಿಸಿದ ಪ್ರಬಂಧ ಅಚ್ಚಾದ ಪತ್ರಿಕೆಯ ಹೆಸರನ್ನು ತೆರೆಯ ಮೇಲೆ ಹಾಕುವಾಗ, ಅದರ ಕೆಳಗೆ ‘ಇಂಪ್ಯಾಕ್ಟ್ ಫ್ಯಾಕ್ಟರ್ 29’ ಎಂಬ ಸಾಲನ್ನು ಸೇರಿಸಿದವನು ನಾನು. ನೋಡುವವರಿಗೆ ಭರವಸೆ ಹುಟ್ಟಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು.

ವಾರದೊಳಗೆ ಒಂದು ಕಾರ್ಡು ಬಂತು. ಬರೆದವರು ನಿವೃತ್ತ ಗಣಿತ ಮೇಷ್ಟ್ರು. ಅವರ ಪತ್ನಿಗೆ ಎದೆಯ ಸ್ಕ್ಯಾನ್ ಬರೆದುಕೊಟ್ಟಿದ್ದರಂತೆ; ಅದನ್ನು ಮೊದಲು ಕಂಪ್ಯೂಟರ್ ನೋಡುತ್ತದೆ ಎಂದೂ ಹೇಳಿದ್ದರಂತೆ. “ಕೋವಿಡ್ ಕಾಲದಲ್ಲಿ ಸಿಟಿ ಸ್ಕೋರ್ 25ಕ್ಕೆ ಇಷ್ಟು ಎಂದು ಹೇಳುತ್ತಿದ್ದರು, ಅರ್ಥವಾಗುತ್ತಿತ್ತು. ನೀವು ತೋರಿಸಿದ 29 ಎಷ್ಟಕ್ಕೆ 29? ಅದನ್ನು ನೋಡಿ ನಾವು ಧೈರ್ಯ ತಂದುಕೊಳ್ಳಬಹುದೇ?” ಎಂಬುದು ಅವರ ಪ್ರಶ್ನೆ.

‘ಅದು ಬಹಳ ಒಳ್ಳೆಯ ಪತ್ರಿಕೆ’ ಎಂದು ಎರಡು ಸಾಲು ಬರೆದು ಕೈತೊಳೆದುಕೊಂಡೆ. ವಿಜ್ಞಾನ ಓದಿದವನು ಕೊಡಬೇಕಾದ ಉತ್ತರ ಅದಾಗಿರಲಿಲ್ಲ. ಅಂದು ಉಳಿಸಿಕೊಂಡ ಸಾಲವನ್ನು ಈ ಪುಟಗಳಲ್ಲಿ ತೀರಿಸುತ್ತಿದ್ದೇನೆ.

ಎಣಿಕೆ ನಡೆಯುವುದು ಹೀಗೆ

ಸಂಶೋಧಕರು ಪ್ರಬಂಧ ಬರೆಯುವಾಗ ತಮಗಿಂತ ಮೊದಲು ಆ ವಿಷಯದಲ್ಲಿ ಕೆಲಸ ಮಾಡಿದವರ ಪ್ರಬಂಧಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾರೆ. ಇದಕ್ಕೆ ಉಲ್ಲೇಖ ಎನ್ನುತ್ತೇವೆ. ಯಾವ ಪ್ರಬಂಧವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹುಡುಕಲು ಒಂದು ಸೂಚಿ ಇದ್ದರೆ ಎಷ್ಟು ಅನುಕೂಲ ಎಂದು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಮುಂದಿನ ದಶಕದಲ್ಲಿ ಫಿಲಡೆಲ್ಫಿಯಾದ ಅವರ ಸಂಸ್ಥೆ ಅಂಥ ಸೂಚಿಯನ್ನು ಹೊರತಂದಿತು. ಸಾವಿರಾರು ಪತ್ರಿಕೆಗಳಲ್ಲಿ ಯಾವುದನ್ನು ಸೂಚಿಗೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಲು ಒಂದು ಅಳತೆ ಬೇಕಾಯಿತು. ಆ ಅಳತೆಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಕನ್ನಡದಲ್ಲಿ ಪ್ರಭಾವಾಂಕ ಎನ್ನೋಣ.

ಲೆಕ್ಕ ಸುಲಭ. ಒಂದು ಪತ್ರಿಕೆ 2019 ಮತ್ತು 2020ರಲ್ಲಿ ಒಟ್ಟು 300 ಪ್ರಬಂಧ ಪ್ರಕಟಿಸಿತು ಅನ್ನಿ. 2021ರಲ್ಲಿ ಬಂದ ಬೇರೆ ಬೇರೆ ಪ್ರಬಂಧಗಳು ಆ 300ನ್ನು ಒಟ್ಟು 900 ಸಲ ಉಲ್ಲೇಖಿಸಿದವು. 900ನ್ನು 300ರಿಂದ ಭಾಗಿಸಿ. 2021ರಲ್ಲಿ ಆ ಪತ್ರಿಕೆಯ ಪ್ರಭಾವಾಂಕ 3.

ಅಂದರೆ ಇದು ಇಷ್ಟಕ್ಕೆ ಇಷ್ಟು ಎಂಬ ಅಂಕ ಅಲ್ಲ, ಸರಾಸರಿ. ಸರಾಸರಿಯ ಗುಣ ಗಣಿತ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ಹತ್ತು ಮನೆಗಳ ಬೀದಿಯಲ್ಲಿ ಒಂದು ಮನೆ ಅಕ್ಕಿ ಗಿರಣಿ ಮಾಲೀಕರದು, ಉಳಿದ ಒಂಬತ್ತು ಕೂಲಿಕಾರರದು ಆದರೆ, ಬೀದಿಯ ಸರಾಸರಿ ಆದಾಯ ಕೂಲಿಕಾರರ ಮನೆಯ ಒಲೆಯ ಸ್ಥಿತಿಯನ್ನು ತಿಳಿಸುವುದಿಲ್ಲ. ಪತ್ರಿಕೆಗಳಲ್ಲೂ ಹಾಗೆಯೇ. ಬೆರಳೆಣಿಕೆಯ ಪ್ರಬಂಧಗಳು ರಾಶಿ ರಾಶಿ ಉಲ್ಲೇಖ ಗಳಿಸುತ್ತವೆ, ಬಹುಪಾಲು ಪ್ರಬಂಧಗಳು ಸರಾಸರಿಗಿಂತ ಕೆಳಗೇ ಇರುತ್ತವೆ.

ಏರಿಳಿದ ಒಂದು ಸಂಖ್ಯೆ

ನಾನು ತೆರೆಗೆ ಹಾಕಿದ 29 ಅಮೆರಿಕದಿಂದ ಬರುವ ‘ರೇಡಿಯಾಲಜಿ’ ಎಂಬ ಪತ್ರಿಕೆಯದು. ಇದು 1923ರಲ್ಲಿ ಆರಂಭವಾದದ್ದು. ವಿಕಿರಣ ವೈದ್ಯರೆಲ್ಲರೂ ಗೌರವದಿಂದ ಕಾಣುವ ಪತ್ರಿಕೆ. 2019ರಲ್ಲಿ ಇದರ ಪ್ರಭಾವಾಂಕ ಸುಮಾರು 8. 2020ರಲ್ಲಿ 11ಕ್ಕೆ ಏರಿತು. 2021ರಲ್ಲಿ ಒಮ್ಮೆಗೇ 29 ದಾಟಿತು. 2022ರಲ್ಲಿ 20ರ ಹತ್ತಿರ, 2023ರಲ್ಲಿ 12ರ ಆಸುಪಾಸು.

ನೂರು ವರ್ಷದ ಪತ್ರಿಕೆಯೊಂದು ಎರಡು ವರ್ಷದಲ್ಲಿ ಮೂರುಪಟ್ಟು ಉತ್ತಮವಾಗಿ, ಮತ್ತೆರಡು ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯುವುದುಂಟೇ? ಸಂಪಾದಕರ ಶ್ರದ್ಧೆ ಹಾಗೆ ಏರಿಳಿಯಲಿಲ್ಲ. ನಡುವೆ ಬಂದದ್ದು ಕೋವಿಡ್.

2020ರ ಆರಂಭದಲ್ಲಿ ವುಹಾನಿನ ವೈದ್ಯರು ತಮ್ಮಲ್ಲಿಗೆ ಬಂದ 1,014 ಜನರ ಎದೆಯ ಸಿಟಿ ಸ್ಕ್ಯಾನನ್ನೂ ಗಂಟಲಿನ ದ್ರವದ ಪರೀಕ್ಷೆಯನ್ನೂ ಹೋಲಿಸಿ ಈ ಪತ್ರಿಕೆಯಲ್ಲಿ ಬರೆದರು. ದ್ರವ ಪರೀಕ್ಷೆಯಲ್ಲಿ ಸೋಂಕು ಕಂಡ 100 ಜನರಲ್ಲಿ 97 ಜನರ ಸ್ಕ್ಯಾನಿನಲ್ಲೂ ಅದರ ಗುರುತಿತ್ತು. ಇಡೀ ಜಗತ್ತು ಈ ಪ್ರಬಂಧವನ್ನು ಉಲ್ಲೇಖಿಸಿತು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯೂ ಇತ್ತು. ದ್ರವ ಪರೀಕ್ಷೆಯಲ್ಲಿ ಸೋಂಕು ಕಾಣದ 100 ಜನರಲ್ಲಿ 25 ಜನರನ್ನು ಮಾತ್ರ ಸ್ಕ್ಯಾನ್ ‘ಸೋಂಕಿಲ್ಲ’ ಎಂದು ಬಿಟ್ಟಿತ್ತು. ಉಳಿದವರ ಮೇಲೆ ಅನುಮಾನ. 2020ರ ಮಾರ್ಚ್ ತಿಂಗಳಲ್ಲೇ ಅಮೆರಿಕದ ವಿಕಿರಣ ವೈದ್ಯರ ಸಂಘ ಕೋವಿಡ್ ಪತ್ತೆಗೆ ಸಿಟಿ ಸ್ಕ್ಯಾನನ್ನು ಮೊದಲ ಪರೀಕ್ಷೆಯಾಗಿ ಬಳಸಬೇಡಿ ಎಂದು ಸಲಹೆ ಕೊಟ್ಟಿತು.

ಇಲ್ಲಿ ಒಂದು ಮಾತು ಗಮನಿಸಿ. ಪ್ರಬಂಧವನ್ನು ಒಪ್ಪಿದವರೂ ಉಲ್ಲೇಖಿಸುತ್ತಾರೆ, ಒಪ್ಪದವರೂ ಉಲ್ಲೇಖಿಸುತ್ತಾರೆ, ‘ಹೀಗೊಂದು ವಾದವಿದೆ’ ಎಂದು ಮುಂದೆ ಹೋಗುವವರೂ ಉಲ್ಲೇಖಿಸುತ್ತಾರೆ. ಎಣಿಸುವ ಯಂತ್ರಕ್ಕೆ ಮೂರೂ ಒಂದೇ. ಊರಿನ ಕಟ್ಟೆಯ ಮೇಲೆ ಯಾರ ಹೆಸರು ಹೆಚ್ಚು ಸಲ ಕೇಳಿಬಂತು ಎಂದು ಎಣಿಸಬಹುದು. ಹೊಗಳಿದರೋ ಬೈದರೋ ಎಂಬುದನ್ನು ಕಿವಿಗೊಟ್ಟೇ ತಿಳಿಯಬೇಕು.

ಯಾರೂ ಓದದ ಪ್ರಬಂಧ

ಉಲ್ಲೇಖ ಹೆಚ್ಚಿದ್ದರೆ ಸತ್ಯ ಎನ್ನಲಾಗದು, ಸರಿ. ಕಡಿಮೆ ಇದ್ದರೆ ಬೆಲೆಯಿಲ್ಲ ಎನ್ನಬಹುದೇ? ಸಿಟಿ ಸ್ಕ್ಯಾನಿನ ಹುಟ್ಟಿನ ಕತೆಯೇ ಇದಕ್ಕೆ ಉತ್ತರ.

ಸಾಧಾರಣ ಎಕ್ಸ್‌ರೇ ಚಿತ್ರ ಒಂದು ನೆರಳು. ಎದೆಯ ಮೂಳೆ, ಹೃದಯ, ಬೆನ್ನೆಲುಬು ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ದೇಹವನ್ನು ಸುತ್ತಲೂ ಹಲವು ಕೋನಗಳಿಂದ ನೋಡಿ, ಆ ನೆರಳುಗಳನ್ನೆಲ್ಲ ಕೂಡಿಸಿ, ಹಲಸಿನ ಹಣ್ಣನ್ನು ಕೊಯ್ಯದೆಯೇ ಒಳಗಿನ ತೊಳೆಗಳ ಜಾಗ ಹೇಳಿದಂತೆ ದೇಹದ ಒಳಗಿನ ಒಂದು ಸೀಳನ್ನು ಲೆಕ್ಕದಿಂದ ಕಾಣಬಹುದೇ? ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಭೌತಶಾಸ್ತ್ರ ಅಧ್ಯಾಪಕರಾಗಿದ್ದ ಅಲನ್ ಕಾರ್ಮ್ಯಾಕ್ ಅವರನ್ನು 1956ರಲ್ಲಿ ಅಲ್ಲಿನ ಆಸ್ಪತ್ರೆಯ ಕೆಲಸಕ್ಕೂ ಕರೆದಾಗ ಈ ಪ್ರಶ್ನೆ ಅವರ ತಲೆಹೊಕ್ಕಿತು. ಉತ್ತರವನ್ನು 1963 ಮತ್ತು 1964ರಲ್ಲಿ ಎರಡು ಪ್ರಬಂಧಗಳಾಗಿ ಪ್ರಕಟಿಸಿದರು. ಹೆಚ್ಚುಕಡಿಮೆ ಯಾರೂ ತಿರುಗಿ ನೋಡಲಿಲ್ಲ. ಪ್ರಬಂಧದ ಪ್ರತಿ ಬೇಕೆಂದು ಬಂದ ಕೋರಿಕೆಗಳಲ್ಲಿ ತಮಗೆ ಸ್ವಾರಸ್ಯವೆನಿಸಿದ್ದು ಸ್ವಿಟ್ಜರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರದ್ದು ಎಂದು ಕಾರ್ಮ್ಯಾಕ್ ಮುಂದೆ ನೆನೆದುಕೊಂಡಿದ್ದಾರೆ. ವೈದ್ಯರಿಗೆ ಬೇಡವಾದದ್ದು ಬೆಟ್ಟದ ಹಿಮ ಅಳೆಯುವವರಿಗೆ ಬೇಕಾಗಿತ್ತು! ಇದರ ಗಣಿತವನ್ನು ಯೊಹಾನ್ ರಾಡಾನ್ ಎಂಬವರು 1917ರಲ್ಲೇ ಬಿಡಿಸಿದ್ದರು ಎಂಬುದು ಕಾರ್ಮ್ಯಾಕ್ ಅವರಿಗೂ ಎಷ್ಟೋ ವರ್ಷ ತಿಳಿದಿರಲಿಲ್ಲ. ಆ ಪ್ರಬಂಧವೂ ಕಪಾಟಿನಲ್ಲಿ ಮಲಗಿತ್ತು.

ಇಂಗ್ಲೆಂಡಿನಲ್ಲಿ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ತಮ್ಮದೇ ದಾರಿಯಲ್ಲಿ ಯಂತ್ರ ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್‌ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. 1979ರ ನೊಬೆಲ್ ಬಹುಮಾನ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ಬಂತು. ಕಾರ್ಮ್ಯಾಕ್ ಪ್ರಬಂಧಗಳಿಗೆ 1965ರಲ್ಲಿ ಅಂಕ ಹಾಕಿದ್ದರೆ ಏನು ಸಿಗುತ್ತಿತ್ತು ಎಂದು ಯೋಚಿಸಿ. ಪ್ರಭಾವಾಂಕದ ಕಣ್ಣು ಎರಡೇ ವರ್ಷ ಹಿಂದಕ್ಕೆ ನೋಡಬಲ್ಲದು.

ಮೊಸರಿನಲ್ಲಿ ಹೆಪ್ಪು

ಈ ಕತೆಗೆ ನಮ್ಮ ಬೆಂಗಳೂರಿನದೂ ಒಂದು ಪುಟವಿದೆ. ಹೌನ್ಸ್‌ಫೀಲ್ಡ್‌ರ ಮೊದಲ ರೋಗಿಯ ಸ್ಕ್ಯಾನಿಗೆ ತಿಂಗಳು ಮೊದಲು, 1971ರ ಸೆಪ್ಟೆಂಬರಿನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಪುಟದ ಪ್ರಬಂಧವೊಂದು ಬಂತು. ಬರೆದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ರಾಮಚಂದ್ರನ್ ಆಗ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಪ್ರೋಟೀನುಗಳ ರಚನೆಯ ಕೆಲಸದಿಂದ ಅದಾಗಲೇ ಪ್ರಸಿದ್ಧರು.

ಅವರು ಹೇಳಿದ್ದು ಇದು. ಪ್ರತಿ ಕೋನದ ನೆರಳನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಮೂಡುತ್ತದೆ, ಆದರೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಕಲಸಿಕೊಂಡಿರುತ್ತದೆ. ಹರಡುವ ಮೊದಲೇ ಪ್ರತಿ ನೆರಳಿಗೂ ಒಂದು ತಿದ್ದುಪಡಿ ಕೊಟ್ಟು ಅಂಚುಗಳನ್ನು ಹರಿತ ಮಾಡಿದರೆ, ಕೂಡಿಸಿದಾಗ ಆ ಕಲಸು ತಾನೇ ಕಳೆದುಹೋಗುತ್ತದೆ. ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇದೇ ಬಗೆಯ ವಿಚಾರ ಮಂಡಿಸಿದ್ದರು. ಎಕ್ಸ್‌ರೇ ಚಿತ್ರಗಳಿಗೆ ಇದನ್ನು ಸರಳವಾಗಿ, ಕಂಪ್ಯೂಟರಿನ ಹೊರೆ ಕಡಿಮೆಯಾಗುವಂತೆ ಹೊಂದಿಸಿಕೊಟ್ಟವರು ಈ ಇಬ್ಬರು. ಹೌನ್ಸ್‌ಫೀಲ್ಡ್‌ರ ಮೊದಲ ಯಂತ್ರ ಬೇರೆ, ನಿಧಾನದ ಲೆಕ್ಕ ಬಳಸುತ್ತಿತ್ತು. ಮುಂದಿನ ದಶಕಗಳಲ್ಲಿ ಸಿಟಿ ಯಂತ್ರಗಳ ಮುಖ್ಯ ಲೆಕ್ಕವಾಗಿ ನಿಂತದ್ದು ಈ ತಿದ್ದಿ ಹರಡುವ ವಿಧಾನ.

ಆ ತಿದ್ದುಪಡಿಗೆ ಪಠ್ಯಪುಸ್ತಕಗಳಲ್ಲಿ ಇಂದಿಗೂ ‘ರಾಮ್-ಲಾಕ್ ಫಿಲ್ಟರ್’ ಎಂದೇ ಹೆಸರು. ರಾಮ್ ಅಂದರೆ ರಾಮಚಂದ್ರನ್, ಲಾಕ್ ಅಂದರೆ ಲಕ್ಷ್ಮೀನಾರಾಯಣನ್. ಸ್ಕ್ಯಾನ್ ಮಾಡಿಸಿಕೊಂಡ ಎಷ್ಟು ಜನಕ್ಕೆ ಇದು ಗೊತ್ತು? ಹೆಸರನ್ನು ಬಳಸುವ ಸಂಶೋಧಕರಲ್ಲೂ ಎಲ್ಲರೂ ಮೂಲ ಪ್ರಬಂಧವನ್ನು ಉಲ್ಲೇಖಿಸುವುದಿಲ್ಲ. ಎಲ್ಲರಿಗೂ ತಿಳಿದ ವಿಷಯವಾದ ಮೇಲೆ ಯಾರು ಮೊದಲು ಹೇಳಿದರು ಎಂದು ಬರೆಯುವ ಅಗತ್ಯ ತೋರುವುದಿಲ್ಲ. ವಿಜ್ಞಾನದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿ ಹೆಸರನ್ನೂ ಕೊಟ್ಟಿದ್ದಾರೆ: ಸೇರಿಹೋಗಿ ಅಳಿಸಿಹೋಗುವುದು. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ, ಮೊಸರಾದ ಮೇಲೆ ಹೆಪ್ಪನ್ನು ಯಾರು ಹುಡುಕುತ್ತಾರೆ? ಉಲ್ಲೇಖದ ಎಣಿಕೆಯಲ್ಲಿ ಅತ್ಯಂತ ಆಳಕ್ಕಿಳಿದ ಕೆಲಸವೂ ಕೆಲವೊಮ್ಮೆ ಕಾಣದಾಗುತ್ತದೆ.

ಗಾಳಿ ಈಗ ಎತ್ತ ಬೀಸುತ್ತಿದೆ?

ಹಾಗಾದರೆ ಉಲ್ಲೇಖಗಳ ಎಣಿಕೆ ನಿರುಪಯೋಗಿಯೇ? ಖಂಡಿತ ಅಲ್ಲ. ಸಂಶೋಧಕರ ಗಮನ ಯಾವ ಕಡೆ ತಿರುಗಿದೆ ಎಂದು ತಿಳಿಯಲು ಅದು ಒಳ್ಳೆಯ ಗಾಳಿಕೋಳಿ.

1970ರ ದಶಕದಲ್ಲಿ ಗಮನವೆಲ್ಲ ಹೊಸ ಯಂತ್ರಗಳ ಮೇಲಿತ್ತು. ಸಿಟಿಯ ಹಿಂದೆಯೇ ಎಂ.ಆರ್.ಐ. ಬಂತು. ಅದರ ಮೊದಲ ಪ್ರಬಂಧವನ್ನು ಪಾಲ್ ಲಾಟರ್‌ಬರ್ ಕಳಿಸಿದಾಗ ‘ನೇಚರ್’ ಪತ್ರಿಕೆ ಮೊದಲು ತಿರಸ್ಕರಿಸಿ, ಅವರು ಪಟ್ಟುಹಿಡಿದ ಮೇಲೆ 1973ರಲ್ಲಿ ಪ್ರಕಟಿಸಿತು. 2003ರಲ್ಲಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು. 1990ರಲ್ಲಿ ಸೇಜಿ ಒಗಾವ ರಕ್ತದ ಆಮ್ಲಜನಕದ ಏರುಪೇರನ್ನು ಎಂ.ಆರ್.ಐ.ನಲ್ಲಿ ಕಾಣಬಹುದೆಂದು ತೋರಿಸಿದ ಮೇಲೆ, ಕೆಲಸದಲ್ಲಿ ತೊಡಗಿರುವ ಮಿದುಳನ್ನು ನೋಡುವ ಸಂಶೋಧನೆ ಹಬ್ಬಿತು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಗಾಳಿ ಬೀಸುತ್ತಿರುವುದು ಕಂಪ್ಯೂಟರಿಗೆ ಚಿತ್ರ ಓದುವುದನ್ನು ಕಲಿಸುವ ಕಡೆಗೆ.

ಈ ಕಾಲದ ಅತಿ ಹೆಚ್ಚು ಉಲ್ಲೇಖಿತ ಪ್ರಬಂಧಗಳಲ್ಲಿ ಒಂದು ಯಾವುದು ಗೊತ್ತೇ? ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಮೂವರು 2015ರಲ್ಲಿ ಬರೆದ ‘ಯು-ನೆಟ್’. ಚಿತ್ರದಲ್ಲಿ ಒಂದು ಭಾಗದ ಗಡಿಯನ್ನು ಬಿಂದು ಬಿಂದುವಾಗಿ ಗುರುತಿಸಲು ಕಂಪ್ಯೂಟರಿಗೆ ಕಲಿಸುವ ವಿಧಾನ ಅದು. ಅವರು ಪರೀಕ್ಷಿಸಿದ್ದು ಸೂಕ್ಷ್ಮದರ್ಶಕದ ಚಿತ್ರಗಳ ಮೇಲೆ. ಪ್ರಕಟವಾದದ್ದು ಒಂದು ಸಮ್ಮೇಳನದ ಸಂಪುಟದಲ್ಲಿ, ವೈದ್ಯರು ಓದುವ ಪತ್ರಿಕೆಯಲ್ಲಲ್ಲ. ಗಡ್ಡೆಯ ಅಂಚು, ಯಕೃತ್ತಿನ ಅಳತೆ, ಹೃದಯದ ಗೋಡೆ, ಹೀಗೆ ಏನನ್ನು ಗುರುತಿಸಹೊರಟವರೂ ಅದನ್ನು ಬಳಸಿದರು, ಹತ್ತಾರು ಸಾವಿರ ಸಲ ಉಲ್ಲೇಖಿಸಿದರು. ಅದು ಒಳ್ಳೆಯ ಉಪಕರಣ ಎಂಬುದಕ್ಕೆ ಈ ಎಣಿಕೆ ಸಾಕ್ಷಿ. ಆದರೆ ಬಡಗಿಯ ಉಳಿ ಹರಿತವಾಗಿದೆ ಎಂದಮಾತ್ರಕ್ಕೆ ಅದರಿಂದ ಮಾಡಿದ ಪ್ರತಿ ಕುರ್ಚಿಯೂ ಗಟ್ಟಿ ಎನ್ನಲಾದೀತೇ?

ಕುರ್ಚಿ ಗಟ್ಟಿಯಿಲ್ಲದ್ದನ್ನು ಕೋವಿಡ್ ತೋರಿಸಿಕೊಟ್ಟಿತು. 2020ರಲ್ಲಿ ಎಕ್ಸ್‌ರೇ ಮತ್ತು ಸಿಟಿ ಚಿತ್ರಗಳಿಂದ ಕೋವಿಡ್ ಪತ್ತೆಮಾಡುವ ತಂತ್ರಾಂಶಗಳ ಬಗ್ಗೆ ಪ್ರಬಂಧಗಳ ಪ್ರವಾಹವೇ ಹರಿಯಿತು. ಕೇಂಬ್ರಿಡ್ಜಿನ ಸಂಶೋಧಕರ ನೇತೃತ್ವದ ತಂಡ ಅವುಗಳನ್ನು ಜರಡಿ ಹಿಡಿದು 2021ರಲ್ಲಿ ವರದಿ ಕೊಟ್ಟಿತು. ಸಿಕ್ಕಿದ್ದು 2,212 ಪ್ರಬಂಧ. ಮೊದಲ ಜರಡಿಯಲ್ಲಿ ಉಳಿದದ್ದು 415. ಗುಣಮಟ್ಟದ ಜರಡಿಯಲ್ಲಿ 62. ಆ 62ರಲ್ಲಿ ರೋಗಿಯ ಮೇಲೆ ಬಳಸಲು ಯೋಗ್ಯವಾದದ್ದು ಒಂದೂ ಇಲ್ಲ!

ತಪ್ಪು ಎಲ್ಲಿತ್ತು? ಕೆಲವು ಕಡೆ ಕೋವಿಡ್ ಚಿತ್ರಗಳೆಲ್ಲ ದೊಡ್ಡವರದು, ಹೋಲಿಕೆಗೆ ಇಟ್ಟುಕೊಂಡ ಚಿತ್ರಗಳು ಮಕ್ಕಳದು. ಯಂತ್ರ ಕಲಿತದ್ದು ರೋಗವನ್ನಲ್ಲ, ಮಗುವಿನ ಎದೆ ಯಾವುದು, ದೊಡ್ಡವರ ಎದೆ ಯಾವುದು ಎಂಬುದನ್ನು. 2018ರಲ್ಲೇ ಅಮೆರಿಕದ ಒಂದು ಅಧ್ಯಯನ ಇಂಥದೇ ಎಚ್ಚರಿಕೆ ಕೊಟ್ಟಿತ್ತು. ನ್ಯುಮೋನಿಯಾ ಹುಡುಕಲು ಕಲಿತ ಯಂತ್ರ, ಎಕ್ಸ್‌ರೇ ಯಾವ ಆಸ್ಪತ್ರೆಯದು ಎಂಬುದನ್ನು ಬಹುತೇಕ ತಪ್ಪಿಲ್ಲದೆ ಗುರುತಿಸುತ್ತಿತ್ತು. ರೋಗಿಗಳು ಹೆಚ್ಚಿರುವ ಆಸ್ಪತ್ರೆ ಯಾವುದೆಂದು ತಿಳಿದರೆ ರೋಗ ಊಹಿಸುವುದು ಸುಲಭವಲ್ಲವೇ? ಪ್ರಶ್ನೆಪತ್ರಿಕೆ ಕದ್ದ ವಿದ್ಯಾರ್ಥಿಯಂತೆ ಅದೂ ಅಂಕ ಗಳಿಸಿತು. ಕಲಿತ ಆಸ್ಪತ್ರೆಯ ಹೊರಗಿನ ಚಿತ್ರ ಕೊಟ್ಟಾಗ ಅಂಕ ಕುಸಿಯಿತು.

ರೋಗಿಯ ಕಡೆಯಿಂದ ನೋಡಿದರೆ

ಹಾಗೆಂದು ಎಲ್ಲವೂ ಟೊಳ್ಳಲ್ಲ. ಗಟ್ಟಿ ಕೆಲಸದ ಗುರುತು ಯಾವುದು ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಅಮೆರಿಕದಲ್ಲಿ ದೀರ್ಘಕಾಲ ಸಿಗರೇಟು ಸೇದಿದ 53,454 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಡಿಮೆ ವಿಕಿರಣದ ಸಿಟಿ, ಇನ್ನೊಂದಕ್ಕೆ ಸಾಧಾರಣ ಎಕ್ಸ್‌ರೇ ತೆಗೆದು ವರ್ಷಗಟ್ಟಲೆ ಕಾದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಶೇಕಡ 20ರಷ್ಟು ಕಡಿಮೆ. ಸಿಟಿ ಅನುಮಾನ ತೋರಿಸಿದ ಪ್ರತಿ 100 ಫಲಿತಾಂಶಗಳಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ ಎಂಬುದನ್ನೂ ಅದೇ ಪ್ರಬಂಧ ಮುಚ್ಚಿಡದೆ ಬರೆದಿತ್ತು.

ಎರಡನೆಯದು ಸ್ವೀಡನ್ನಿನದು. 80,000ಕ್ಕೂ ಹೆಚ್ಚು ಮಹಿಳೆಯರ ಸ್ತನದ ಎಕ್ಸ್‌ರೇಗಳಲ್ಲಿ ಅರ್ಧವನ್ನು ಎಂದಿನಂತೆ ಇಬ್ಬರು ವೈದ್ಯರು ಓದಿದರು; ಉಳಿದರ್ಧದಲ್ಲಿ ಕಂಪ್ಯೂಟರ್ ಮೊದಲು ವಿಂಗಡಿಸಿ, ವೈದ್ಯರು ಅದರ ನೆರವಿನಿಂದ ಓದಿದರು. 2023ರ ವರದಿಯಂತೆ ಮೊದಲ ಗುಂಪಿನಲ್ಲಿ 203, ಎರಡನೆಯದರಲ್ಲಿ 244 ಮಹಿಳೆಯರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ವೈದ್ಯರ ಓದುವ ಕೆಲಸ ಶೇಕಡ 44ರಷ್ಟು ಕಡಿಮೆಯಾಯಿತು. ಗಮನಿಸಿ, ವೈದ್ಯರನ್ನು ಹೊರಗೆ ಕಳಿಸಲಿಲ್ಲ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹಳ್ಳಿಗಾಡಿನಲ್ಲಿ ಎಕ್ಸ್‌ರೇ ಓದುವ ವೈದ್ಯರು ಸಿಗುವುದು ಕಷ್ಟ. 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಯನ್ನು ಕ್ಷಯದ ತಪಾಸಣೆಗಾಗಿ ಕಂಪ್ಯೂಟರ್ ಓದಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿಕೊಂಡಿತು. ಆದರೆ ಅದು ಅನುಮಾನಿತರನ್ನು ಬೇರ್ಪಡಿಸುವುದಕ್ಕೆ ಮಾತ್ರ. ರೋಗ ಹೌದೋ ಅಲ್ಲವೋ ಎಂದು ಖಚಿತಪಡಿಸಲು ಕಫದ ಪರೀಕ್ಷೆಯಂಥ ಮುಂದಿನ ಹೆಜ್ಜೆ ಬೇಕೇ ಬೇಕು.

ಪತ್ರಿಕೆಯ ಪ್ರಭಾವಾಂಕದಿಂದ ಒಂದೊಂದು ಪ್ರಬಂಧದ, ಒಬ್ಬೊಬ್ಬ ವಿಜ್ಞಾನಿಯ ಯೋಗ್ಯತೆ ಅಳೆಯಬೇಡಿ ಎಂದು ವಿಜ್ಞಾನಿಗಳು, ಸಂಪಾದಕರು ಸೇರಿ 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯನ್ನೇ ಹೊರಡಿಸಿದ್ದಾರೆ. ಅವರು ಅದನ್ನು ಬರೆದದ್ದು ಕೆಲಸ, ಬಡ್ತಿ, ಅನುದಾನಗಳ ವಿಷಯದಲ್ಲಿ. ನಾನು ಅದೇ ಅಳತೆಯನ್ನು ರೋಗಿಯ ಮನೆಯವರ ಮುಂದೆ ಹಿಡಿದಿದ್ದೆ.

ಮೇಷ್ಟ್ರಿಗೆ

ಸ್ವಾಮಿ, ನಿಮ್ಮ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. 29 ಎಂಬುದು ಎಷ್ಟಕ್ಕೂ ಅಲ್ಲ. ಒಂದು ಪತ್ರಿಕೆಯ ಬಗ್ಗೆ ಒಂದು ವರ್ಷದಲ್ಲಿ ಎಷ್ಟು ಮಾತು ನಡೆಯಿತು ಎಂಬುದರ ಸರಾಸರಿ. ನಿಮ್ಮ ಮನೆಯವರ ಸ್ಕ್ಯಾನಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನೋಡಿ ಧೈರ್ಯ ತಂದುಕೊಳ್ಳಬೇಕಾಗಿಲ್ಲ, ಹೆದರಬೇಕಾಗಿಯೂ ಇಲ್ಲ.

ಸಂಖ್ಯೆಯ ಬದಲು ವೈದ್ಯರನ್ನು ಮೂರು ಮಾತು ಕೇಳಿ. ಈ ಸ್ಕ್ಯಾನಿನ ಫಲಿತಾಂಶ ಹೀಗೆ ಬಂದರೆ, ಹಾಗೆ ಬಂದರೆ, ಚಿಕಿತ್ಸೆ ಬದಲಾಗುತ್ತದೆಯೇ? ಕಂಪ್ಯೂಟರ್ ಓದಿದ ಮೇಲೆ ವೈದ್ಯರೊಬ್ಬರು ನೋಡಿ ಸಹಿ ಹಾಕುತ್ತಾರೆಯೇ? ಆ ತಂತ್ರಾಂಶವನ್ನು ಅದು ಕಲಿತ ಆಸ್ಪತ್ರೆಯ ಹೊರಗೆ, ನಮ್ಮಂಥ ಜನರ ಮೇಲೆ ಪರೀಕ್ಷಿಸಿದ್ದಾರೆಯೇ? ಇವಕ್ಕೆ ಉತ್ತರಿಸಲು ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ.

ಅಂದಿನಿಂದ ನಮ್ಮ ಕಾರ್ಯಕ್ರಮದ ತೆರೆಯ ಮೇಲೆ ಪ್ರಭಾವಾಂಕ ಹಾಕುವುದನ್ನು ನಿಲ್ಲಿಸಿದ್ದೇನೆ. ಯಾವುದಾದರೂ ಅಧ್ಯಯನದ ಮಾತು ಬಂದರೆ ಎಷ್ಟು ಜನರ ಮೇಲೆ ನಡೆಯಿತು, ಎಷ್ಟು ಕಾಲ ಕಾದರು, ರೋಗಿಗೆ ಏನಾಯಿತು ಎಂಬ ಮೂರು ಸಾಲು ಹಾಕುತ್ತೇವೆ. ಅದರಲ್ಲೂ ತಪ್ಪಿದ್ದರೆ ಒಂದು ಕಾರ್ಡು ಬರೆಯಿರಿ. ಈ ಸಲ ಎರಡು ಸಾಲಿನ ಉತ್ತರ ಬರುವುದಿಲ್ಲ.